ವೆಬ್ ದೂರದರ್ಶಕ: ಹೊರಗ್ರಹಗಳ ವಾಯುಮಂಡಲವನ್ನು ಅಳೆಯುವುದರಲ್ಲಿ ಎಷ್ಟು ಸಮರ್ಥ?

2021ರ ಡಿಸೆಂಬರ್ 25ರಂದು ಉಡಾವಣೆಗೊಂಡ ಜೇಮ್ಸ್ ವೆಬ್ ದೂರದರ್ಶಕವನ್ನು ಅದರ ಬಣ್ಣದ ಚಿತ್ರಗಳಿಂದ ಮೆಚ್ಚಿಕೊಂಡವರೇ ಹೆಚ್ಚು. ಹೊರಗ್ರಹಗಳ, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ, ವಾಯುಮಂಡಲದ ಅಧ್ಯಯನಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕಿನ ಅತ್ಯಲ್ಪ ಪಾಲು ಗ್ರಹದ ಅಂಚಿನ ವಾಯುಮಂಡಲವನ್ನು ತೂರಿ ಬರುತ್ತದೆ. ಅಲ್ಲಿರುವ ಒಂದೊಂದು ಅನಿಲವೂ ತನ್ನದೇ ಆದ ತರಂಗಾಂತರಗಳನ್ನು ಹೀರಿಕೊಳ್ಳುವುದರಿಂದ, ಆ ತರಂಗಾಂತರಗಳಲ್ಲಿ ನೋಡಿದರೆ ಗ್ರಹವು ತುಸು ದೊಡ್ಡದಾಗಿ ತೋರುತ್ತದೆ. ಹಬಲ್ ದೂರದರ್ಶಕವೂ ಈ ವಿಧಾನವನ್ನೇ ಬಳಸಿತ್ತು, ಆದರೆ ಅವಕೆಂಪಿನಲ್ಲಿ ಅದರ ನೋಟ ಸುಮಾರು 1.7 ಮೈಕ್ರಾನಿಗೇ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ನಿಲ್ಲುತ್ತಿದ್ದುದರಿಂದ ನೀರಾವಿಯಾಚೆಗೆ ಹೆಚ್ಚೇನೂ ದಕ್ಕುತ್ತಿರಲಿಲ್ಲ. ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ನೋಡುವ ವೆಬ್‌ನ ನಿಯರ್‌ಸ್ಪೆಕ್ ರೋಹಿತದರ್ಶಕ 0.6ರಿಂದ 5.3 ಮೈಕ್ರಾನ್‌ವರೆಗೆ ನೋಡಬಲ್ಲದು. ಸುಮಾರು 700 ಜ್ಯೋತಿರ್ವರ್ಷ ದೂರದ, ಶನಿಯಷ್ಟು ತೂಗುವ ವಾಸ್ಪ್-39ಬಿ ಗ್ರಹದಲ್ಲಿ 2022ರಲ್ಲಿ ಅದು ಇಂಗಾಲದ ಡೈಆಕ್ಸೈಡನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು. ಗಂಧಕದ ಡೈಆಕ್ಸೈಡೂ ಸಿಕ್ಕಿತು. ಅದು ನಕ್ಷತ್ರದ ಬೆಳಕೇ ನಡೆಸಿದ ರಾಸಾಯನಿಕ ಕ್ರಿಯೆಯ ಫಲವಾದ್ದರಿಂದ, ನನ್ನ ಮಟ್ಟಿಗೆ ಇದೇ ಹೆಚ್ಚು ಬೆಲೆಯುಳ್ಳ ಫಲಿತಾಂಶ.

ಕೊರತೆಗಳೂ ಇವೆ. ನಿಯರ್‌ಸ್ಪೆಕ್‌ನ ಪಟ್ಟಕ (ಪ್ರಿಸಮ್) ವಿಧಾನ ಇಡೀ ವ್ಯಾಪ್ತಿಯನ್ನು ಒಂದೇ ಸಲಕ್ಕೆ ಕೊಡುತ್ತದಾದರೂ ಪ್ರಕಾಶಮಾನ ನಕ್ಷತ್ರಗಳ ಎದುರು ಅದರ ಸಂವೇದಕ ತುಂಬಿ ತುಳುಕುತ್ತದೆ. ವಾಸ್ಪ್-39ಬಿಯಲ್ಲೇ ಕಿರು ತರಂಗಾಂತರಗಳ ಭಾಗ ಹೀಗೆ ಕೆಟ್ಟಿತ್ತು. ಬಂಡೆಗ್ರಹಗಳ ವಿಷಯಕ್ಕೆ ಬಂದರೆ ತೊಡಕು ದೂರದರ್ಶಕದ್ದಲ್ಲ, ನಕ್ಷತ್ರದ್ದು. ಟ್ರಾಪಿಸ್ಟ್-1ರಂಥ ಕೆಂಪು ಕುಬ್ಜಗಳ, ಅಂದರೆ ಚಿಕ್ಕ, ತಂಪಾದ ನಕ್ಷತ್ರಗಳ, ಮೈಮೇಲಿನ ಕಲೆಗಳಲ್ಲೇ ನೀರಾವಿ ಇರಬಲ್ಲದು, ಅದರ ಗುರುತನ್ನು ಗ್ರಹದ್ದೆಂದು ತಪ್ಪಾಗಿ ಓದುವ ಅಪಾಯವಿದೆ. ಆದ್ದರಿಂದಲೇ ಆ ನಕ್ಷತ್ರದ ಗ್ರಹ ಟ್ರಾಪಿಸ್ಟ್-1ಬಿಯ ವಿಷಯದಲ್ಲಿ ಗ್ರಹ ನಕ್ಷತ್ರದ ಹಿಂದೆ ಮರೆಯಾಗುವಾಗ ಇಳಿಯುವ ಶಾಖವನ್ನು ಅಳೆದದ್ದು ಜಾಣ ದಾರಿ. ದಟ್ಟ ವಾಯುಮಂಡಲವಿದ್ದರೆ ಶಾಖ ರಾತ್ರಿಯ ಬದಿಗೂ ಹರಡಿ ಹಗಲಿನ ಬದಿ ತಂಪಾಗಿರಬೇಕಿತ್ತು; ಅದು ಸುಮಾರು 500 ಕೆಲ್ವಿನ್ ಎಂದು ತಿಳಿದಾಗ ಆ ಆಸೆ ಬಹುಪಾಲು ಕರಗಿತು. ಕೆ2-18ಬಿ ಎಂಬ ಹೊರಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್ (ಭೂಮಿಯಲ್ಲಿ ಮುಖ್ಯವಾಗಿ ಜೀವಿಗಳಿಂದ ಹುಟ್ಟುವ ಅನಿಲ) ಇದೆಯೆಂಬ 2025ರ ಘೋಷಣೆಯನ್ನು ನಾನು ಇನ್ನೂ ಖಾತೆಗೆ ಸೇರಿಸಿಕೊಂಡಿಲ್ಲ: ಮೂರು ಸಿಗ್ಮಾದ (ಅಂದರೆ ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ಸುಮಾರು ಶೇ 0.3 ಇರುವ) ಆಧಾರ ಸಾಲದು, ಅದೇ ದತ್ತಾಂಶವನ್ನು ಮರುಪರೀಕ್ಷಿಸಿದ ಇತರರಿಗೆ ಅಷ್ಟೂ ಕಂಡಿಲ್ಲ.

ದತ್ತಾಂಶದ ಸೇವೆ ಮಾತ್ರ ಉದಾರವಾದದ್ದು. ಕೆಲವು ವೀಕ್ಷಣೆಗಳು ಒಂದು ವರ್ಷದವರೆಗೆ ಪ್ರಸ್ತಾಪಿಸಿದವರಿಗಷ್ಟೇ ಮೀಸಲಾಗಿದ್ದರೂ, ಆಮೇಲೆ ಬಾಲ್ಟಿಮೋರ್‌ನ ಮಾಸ್ಟ್ ಭಂಡಾರದಿಂದ ಯಾರು ಬೇಕಾದರೂ ಅವನ್ನು ಉಚಿತವಾಗಿ ಪಡೆಯಬಹುದು. ಹೊಸಬರು ವಾಸ್ಪ್-39ಬಿಯಿಂದಲೇ ತೊಡಗುವುದು ಒಳ್ಳೆಯದು, ಏಕೆಂದರೆ 4.3 ಮೈಕ್ರಾನಿನ ಬಳಿಯ ಇಂಗಾಲದ ಡೈಆಕ್ಸೈಡಿನ ಉಬ್ಬನ್ನು ಗುರುತಿಸಲು ಪಳಗಿದ ಕಣ್ಣೇನೂ ಬೇಕಿಲ್ಲ.