ಸಾಲ್ಮನ್ ಬಿಡಿ, ಬಂಗಡೆ ಕೇಳಿ

ಗಣಪತಿ ಕಳಿಸಿದ ಮೇಲೆ ಬೆಳಗಾವಿಯಲ್ಲಿ ಮೀನು ತಿನ್ನೋರಿಗೆ ನಿಜವಾದ ಹಬ್ಬ. ಶ್ರಾವಣ ಮುಗಿದಿರುತ್ತದೆ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧವೂ ಮುಗಿದು ಕಾರವಾರ, ಗೋವಾ, ಮಾಲವಣ ಕಡೆಯ ಗಾಡಿಗಳು ಘಟ್ಟ ಹತ್ತುತ್ತಿರುತ್ತವೆ. ಅಂಥ ಹೊತ್ತಲ್ಲೇ ಗೆಳೆಯನೊಬ್ಬ ಕ್ಯಾಂಪ್ ಕಡೆಯ ಹೊಸ ಸುಶಿ (ಹುಳಿ ಅನ್ನದ ಉಂಡೆ ಮೇಲೆ ಹಸಿ ಮೀನಿಡುವ ಜಪಾನಿ ತಿಂಡಿ) ಹೋಟೆಲ್‌ಗೆ ಎಳೆದುಕೊಂಡು ಹೋದ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಕೊನೆಗೊಂದು ಜಗಳವೂ ಇದೆ.

ನಾನು ಸುರಮೈ (ಅಂಜಲ್) ಫ್ರೈ, ಸೋಲಕಡಿ (ಕೋಕಂ, ತೆಂಗಿನಹಾಲಿನ ಪಾನೀಯ) ಗಿರಾಕಿ. ಹಸಿ ಮೀನು ಅಂದ್ರೆ ಸ್ವಲ್ಪ ಹಿಂದೇಟು. ಕೌಂಟರ್‌ನಲ್ಲಿ ಕೂತೆವು. ಎದುರಿಗಿದ್ದ ಹಲಗೆಯ ಮೇಲೆ ಅವತ್ತಿನ ಮೀನು ಬರೆದಿದ್ದರು: ಸುರಮೈ, ಬಂಗಡೆ, ಮಾಣಕಿ (ಸ್ಕ್ವಿಡ್), ಸೀಗಡಿ. ಕೆಳಗೆ ಡಬಲ್ ರೇಟಿಗೆ ವಿದೇಶಿ ಮೀನು ಸಾಲ್ಮನ್.

ಬಂಗಡೆಯನ್ನೇ ಮೊದಲು ಹೇಳಬೇಕು. ಬಂಗಡೆ ಬೇಗ ಕೆಡುವ ಮೀನು ಅಂತ ನಮಗೆಲ್ಲ ಗೊತ್ತು, ಜಪಾನಿನವರಿಗೂ ಗೊತ್ತು. ಅದಕ್ಕೇ ಅವರು ಅದರ ಜಾತಿಯ ಮೀನಿಗೆ ಮೊದಲು ಉಪ್ಪು ಸವರಿ ನೀರು ಬಿಡಿಸಿ, ಆಮೇಲೆ ವಿನೆಗರ್‌ನಲ್ಲಿ ಅದ್ದಿಡುತ್ತಾರೆ. ಇಲ್ಲಿನ ಶೆಫ್ ನಮ್ಮ ಬಂಗಡೆಗೂ ಅದನ್ನೇ ಮಾಡಿದ್ದ. ತಲೆಯ ಕಡೆಯಿಂದ ಉಗುರಲ್ಲಿ ಒಂದು ಪೊರೆ ಎಬ್ಬಿಸಿ, ಸೆಲೋಟೇಪ್ ಕಿತ್ತ ಹಾಗೆ ಬಾಲದವರೆಗೂ ಎಳೆದ. ಕೆಳಗಿನ ಬೆಳ್ಳಿ ಬಣ್ಣ, ನೀಲಿ ಗೆರೆ ಹಾಗೇ ಉಳಿಯಿತು. ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಅನ್ನದ ಉಂಡೆ ಮೇಲೆ ಒಂದು ತುಂಡು, ಅದರ ಮೇಲೆ ಚಿಟಿಕೆ ತುರಿದ ಶುಂಠಿ. ಬಾಯಿಗೆ ಹಾಕಿದೆ. ಹುಳಿ, ಎಣ್ಣೆ ಜಿಡ್ಡು, ಅನ್ನದ ಸಣ್ಣ ಸಿಹಿ ಎಲ್ಲ ಒಟ್ಟಿಗೆ. ಇನ್ನೆರಡು ಹೇಳಿದೆವು. (ಅನ್ನ ಅಂಟಂಟಾದ ಜಪಾನಿ ಅಕ್ಕಿಯದೇ. ನಮ್ಮ ಬೆಳಗಾವಿ ಬಾಸ್ಮತಿಯಲ್ಲಿ ಮಾಡಿದ್ರೆ ಉಂಡೆ ತಟ್ಟೆಗೆ ಬರೋದ್ರೊಳಗೆ ಉದುರಿ ಹೋಗುತ್ತಿತ್ತು.)

ಹೊಟ್ಟೆಗೆ ಏನಾದರೂ ಆದೀತಾ ಅಂತ ಕೇಳಿದೆ. ಹಸಿ ಮೀನಲ್ಲಿರೋ ಹುಳ ಸಾಯಲಿ ಅಂತ ಎಲ್ಲ ಮೀನನ್ನೂ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟೇ ಬಳಸ್ತೀವಿ, ಬರೀ ವಿನೆಗರ್‌ಗೆ ಅವು ಸಾಯಲ್ಲ ಅಂದ. ವಾಸಾಬಿ (ಜಪಾನಿ ಬೇರಿನ ಹಸಿರು ಖಾರ) ಅಸಲಿಯಾ ಅಂದ್ರೆ ನಕ್ಕ. ಹಾರ್ಸ್‌ರ‍್ಯಾಡಿಶ್ (ಮೂಲಂಗಿಯಂಥ ಖಾರದ ಬೇರು), ಸಾಸಿವೆ, ಹಸಿರು ಬಣ್ಣ ಅಷ್ಟೇ ಅಂತ ತಾನೇ ಒಪ್ಪಿಕೊಂಡ. ಈ ಮನುಷ್ಯ ಹಿಡಿಸಿದ.

ಮಾಣಕಿಗೆ ಸಣ್ಣ ಸಣ್ಣ ಗೀರು ಹಾಕಿದ್ದ, ರಬ್ಬರ್ ಆಗಿರಲಿಲ್ಲ. ಸುರಮೈ ಪರವಾಗಿಲ್ಲ, ಆದರೆ ನನಗೆ ಅದು ತವಾ ಮೇಲೆ ರವೆ ಹಚ್ಚಿಕೊಂಡಿದ್ರೇನೇ ಚೆಂದ. ಸೀಗಡಿ ಮಸ್ತ್.

ಸಾಲ್ಮನ್ ಮಾತ್ರ ದಂಡ. ನಡುವೆ ಇನ್ನೂ ಐಸ್ ಕಟಕಟ ಅಂತಿತ್ತು, ಜಗಿದರೆ ನೀರು. ಫ್ರೀಜರ್‌ನದು ತಪ್ಪಲ್ಲ, ಕರಗಿಸೋಕೆ ತಾಳ್ಮೆ ಇಲ್ಲದ್ದು ತಪ್ಪು. ಇಷ್ಟಕ್ಕೂ ಅದು ಯಾಕೆ ಬೇಕು? ಇನ್ನೂರು ವರ್ಷದ ಹಿಂದೆ ಎಡೋದಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ, ಈ ಥರದ ಸುಶಿ ರಸ್ತೆ ಬದಿಯ ತಿಂಡಿ, ಎದುರಿನ ಕೊಲ್ಲಿಯಲ್ಲಿ ಸಿಕ್ಕ ಮೀನೇ ಅದರ ಬಂಡವಾಳ. ನಾರ್ವೆಯವರು ಜಪಾನಿಗೆ ಹಸಿ ಸಾಲ್ಮನ್ ಮಾರಲು ಹೊರಟಿದ್ದೇ 1980ರ ದಶಕದಲ್ಲಿ. ಘಟ್ಟ ಇಳಿದರೆ ಸಮುದ್ರ ಇರುವ ಊರಲ್ಲಿ ಕೂತು ಅದಕ್ಕೆ ಡಬಲ್ ದುಡ್ಡು ಕೊಡೋದು ಶೋಕಿ ಅಲ್ವಾ?

ಮ್ಯಾನೇಜರ್‌ಗೆ ಹೇಳಿದ್ರೆ "ಅದು ಹಂಗೇ ಇರ್ತದ್ರಿ ಸರ್" ಅಂದ. ಬಿಲ್ ಇಬ್ಬರಿಗೆ 4,200. ಅದರಲ್ಲಿ ಕೇಳದೆ ಸೇರಿಸಿದ ಸರ್ವಿಸ್ ಚಾರ್ಜ್ ಬೇರೆ. ಹಾಗೆ ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಹತ್ತು ನಿಮಿಷ ವಾದ ಮಾಡಿ ತೆಗೆಸಿದೆವು. ಸಾಲ್ಮನ್ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಹೊರಡುವಾಗ ಶೆಫ್ ಕೌಂಟರ್ ದಾಟಿ ಬಂದು, ಒಳ್ಳೆ ನೊಗಲಿ (ಕಾಣೆ ಮೀನು) ಬಂದ ದಿನ ಫೋನ್ ಮಾಡ್ತೀನಿ ಅಂದ. ನಂಬರ್ ಕೊಟ್ಟು ಬಂದಿದ್ದೇನೆ.