ರಜೆ ಮಂಜೂರಾಯಿತು ಅಂತ ನಿಶ್ಚಿಂತೆಯಿಂದ ಹೊರಡಬೇಡಿ, ಪ್ರಮೋಷನ್ ಕೈತಪ್ಪಬಹುದು

ಈ ವರ್ಷ ನಿಮ್ಮ ಹೆಸರು ಪ್ರಮೋಷನ್ ಪಟ್ಟಿಯಲ್ಲಿದೆಯಾ? ಅದರ ಆಸುಪಾಸಿನಲ್ಲೇ ದೊಡ್ಡ ರಜೆ ಹಾಕಿದ್ದೀರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ನನ್ನ ರಜೆ ತಿಂಗಳುಗಳ ಮುಂಚೆಯೇ ಮಂಜೂರಾಗಿತ್ತು. ಮ್ಯಾನೇಜರ್‌ಗೆ ಗೊತ್ತಿತ್ತು, ಟೀಮಿಗೆ ಗೊತ್ತಿತ್ತು. ಆದರೂ ವಾಪಸ್ ಬಂದಾಗ ನನ್ನ ಪ್ರಮೋಷನ್ ಫೈಲಿನಲ್ಲಿ ‘ಅಭ್ಯರ್ಥಿ ನಿರಾಕರಿಸಿದ್ದಾರೆ’ ಎಂದು ದಾಖಲಾಗಿತ್ತು. ನಾನು ಯಾರಿಗೂ ಏನನ್ನೂ ನಿರಾಕರಿಸಿರಲಿಲ್ಲ. ನನ್ನ ಪರವಾಗಿ ನನ್ನ ಕ್ಯಾಲೆಂಡರೇ ಉತ್ತರ ಕೊಟ್ಟುಬಿಟ್ಟಿತ್ತು.

ನಮ್ಮಲ್ಲಿ ಪ್ರಮೋಷನ್ ಒಂದೇ ಏಟಿಗೆ ಮುಗಿಯುವುದಿಲ್ಲ. ಮ್ಯಾನೇಜರ್ ಹೆಸರು ಸೂಚಿಸಬೇಕು. ವರ್ಷದ ಕೆಲಸದ ಬಗ್ಗೆ ನಾವೇ ಬರೆದುಕೊಡಬೇಕು. ಆಮೇಲೆ ಪ್ಯಾನೆಲ್ ಮುಂದೆ ಕೂರಬೇಕು. ಕೊನೆಗೆ ಮೇಲಿನವರು ಎಲ್ಲ ವಿಭಾಗಗಳ ಹೆಸರುಗಳನ್ನು ಒಟ್ಟಿಗೆ ಇಟ್ಟುಕೊಂಡು ತೂಗಿ ನೋಡುತ್ತಾರೆ, ಇದಕ್ಕೆ ಕ್ಯಾಲಿಬ್ರೇಷನ್ ಅಂತಾರೆ. ಪ್ಯಾನೆಲ್ ಯಾವ ತಿಂಗಳು ಎಂದು ಮೊದಲೇ ತಿಳಿಸಿದ್ದರು. ಅದನ್ನು ನೋಡಿಕೊಂಡೇ ಅದರ ಹಿಂದಿನ ತಿಂಗಳು ರಜೆ ಹಾಕಿದ್ದೆ. ‘ಆರಾಮಾಗಿ ಹೋಗಿ ಬನ್ನಿ, ಅಷ್ಟರಲ್ಲಿ ಏನೂ ಆಗಲ್ಲ’ ಅಂದರು ಮ್ಯಾನೇಜರ್. ಪಾಪ, ಅವರೇನೂ ಸುಳ್ಳು ಹೇಳಲಿಲ್ಲ. ಅವರಿಗೂ ಅಷ್ಟೇ ಗೊತ್ತಿತ್ತು.

ನಾನು ಹೊರಟ ಮೇಲೆ ಪ್ಯಾನೆಲ್ ದಿನಾಂಕ ಮುಂಚಿತವಾಯಿತು. ಯಾಕೆ ಗೊತ್ತಾ? ಪ್ಯಾನೆಲ್‌ನಲ್ಲಿದ್ದ ಹಿರಿಯರೊಬ್ಬರು ಮೊದಲು ಗೊತ್ತಾಗಿದ್ದ ದಿನಕ್ಕೆ ರಜೆಯಲ್ಲಿರುತ್ತಿದ್ದರಂತೆ. ಅವರ ರಜೆಗಾಗಿ ಇಡೀ ಪ್ಯಾನೆಲ್ ಸರಿಯಿತು. ಅದು ಸರಿದು ಬಂದು ಕೂತದ್ದು ನನ್ನ ರಜೆಯ ನಟ್ಟನಡುವೆ. ಅದನ್ನು ಯಾರೂ ಗಮನಿಸಲಿಲ್ಲ.

ಇನ್ನು ಕ್ಯಾಲೆಂಡರ್ ಮಾಡಿದ ಕೆಲಸ. ಇದು ನಿಮಗೂ ಆಗಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಜೆಗೆ ಹೋಗುವವರು ಕ್ಯಾಲೆಂಡರ್‌ನಲ್ಲಿ ‘ಔಟ್ ಆಫ್ ಆಫೀಸ್’ ಹಾಕಲೇಬೇಕು ಎಂಬುದು ನಮ್ಮಲ್ಲಿ ಲಿಖಿತ ನಿಯಮ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹಾಗೆ ಹಾಕಿದರೆ, ಆ ಅವಧಿಗೆ ಬರುವ ಮೀಟಿಂಗ್ ಆಹ್ವಾನಗಳನ್ನು ತಾನಾಗಿಯೇ ಡಿಕ್ಲೈನ್ ಮಾಡುವ ಆಯ್ಕೆ ಜೊತೆಗೇ ಬರುತ್ತದೆ. ಔಟ್‌ಲುಕ್‌ನಲ್ಲೂ ಆಟೋ ರಿಪ್ಲೈ ಹಾಕುವ ಜಾಗದಲ್ಲಿ ಇಂಥದೇ ಒಂದು ಟಿಕ್ ಬಾಕ್ಸ್ ಸಿಗುತ್ತದೆ. ದಿನನಿತ್ಯದ ಮೀಟಿಂಗ್‌ಗಳಿಗೆ ಇದು ಒಳ್ಳೆಯ ಸೌಲಭ್ಯವೇ. ಆದರೆ ಯಾವುದು ವಾರದ ಮಾಮೂಲಿ ಮೀಟಿಂಗ್, ಯಾವುದು ನಿಮ್ಮ ಪ್ರಮೋಷನ್ ಪ್ಯಾನೆಲ್ ಎಂದು ಅದಕ್ಕೇನು ಗೊತ್ತು? ಆಹ್ವಾನ ಬಂದ ಕೂಡಲೇ ಡಿಕ್ಲೈನ್ ಮಾಡಿ ಕೈತೊಳೆದುಕೊಂಡಿತು.

ಕಚೇರಿಯಲ್ಲಿಲ್ಲ, ಅದಕ್ಕೆ ಬರಲಾಗುತ್ತಿಲ್ಲ ಎಂಬ ಒಂದು ಸಾಲು ಅದರ ಜೊತೆ ಹೋಗಿತ್ತು. ಅದನ್ನು ಓದಿದ್ದರೆ ಯಾರಿಗಾದರೂ ವಿಷಯ ಅರ್ಥವಾಗುತ್ತಿತ್ತು. ಓದಿದವರು ಯಾರೂ ಇಲ್ಲ. ಪ್ಯಾನೆಲ್ ಏರ್ಪಡಿಸುವವರು ನೂರಾರು ಹೆಸರುಗಳ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಅದನ್ನು ಆಮೇಲೆ ನನಗೆ ತೋರಿಸಿದರು. ಪ್ರತಿ ಹೆಸರಿನ ಎದುರು ಒಂದು ಕಾಲಂ, ಅದರಲ್ಲಿ ಕೆಳಗೆ ಬಿಚ್ಚಿಕೊಳ್ಳುವ ಸಣ್ಣ ಮೆನು. ‘ಹಾಜರು’, ‘ಗೈರುಹಾಜರು’, ‘ನಿರಾಕರಿಸಿದ್ದಾರೆ’. ಮೂರೇ ಆಯ್ಕೆ. ‘ರಜೆಯಲ್ಲಿದ್ದಾರೆ’ ಎಂಬುದೇ ಇಲ್ಲ! ಕ್ಯಾಲೆಂಡರ್ ಡಿಕ್ಲೈನ್ ಅಂದಿತು, ಪಟ್ಟಿ ತುಂಬುತ್ತಿದ್ದ ಹುಡುಗ ಮೂರನೆಯದನ್ನು ಒತ್ತಿ ಮುಂದಿನ ಹೆಸರಿಗೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಮೆನು ಮಾಡಿಟ್ಟವರ ಮೇಲಿದೆ.

ಆಟೋ ರಿಪ್ಲೈ ಇರುತ್ತಲ್ವಾ ಎಂದು ನೀವು ಕೇಳಬಹುದು. ಇತ್ತು. ಆದರೆ ಔಟ್‌ಲುಕ್ ಒಬ್ಬ ಕಳುಹಿಸುವವರಿಗೆ ಆ ಉತ್ತರವನ್ನು ಒಂದೇ ಸಲ ಕಳಿಸುತ್ತದೆ. ಜಿಮೇಲ್‌ನಲ್ಲಾದರೆ, ಅದೇ ವ್ಯಕ್ತಿ ನಾಲ್ಕು ದಿನ ಕಳೆದ ಮೇಲೆ ಮತ್ತೆ ಬರೆದರೆ ಮಾತ್ರ ಇನ್ನೊಂದು ಹೋಗುತ್ತದೆ. ಅಂದರೆ ಎಚ್‌ಆರ್‌ನವರು ಮೊದಲು ಯಾವುದೋ ಸಾಮಾನ್ಯ ಸುತ್ತೋಲೆ ಕಳಿಸಿ, ಮರುದಿನ ಪ್ಯಾನೆಲ್ ಬಗ್ಗೆ ಮೇಲ್ ಮಾಡಿದರೆ, ಆಟೋ ರಿಪ್ಲೈ ಸುತ್ತೋಲೆಗೇ ಖರ್ಚಾಗಿ ಹೋಗಿರುತ್ತದೆ. ಇನ್ನು ‘ಇದಕ್ಕೆ ಉತ್ತರಿಸಬೇಡಿ’ ಎಂಬ ವಿಳಾಸದಿಂದ ಬಂದ ಮೇಲ್ ಆದರೆ ನಿಮ್ಮ ಉತ್ತರವನ್ನು ನೋಡಲು ಆ ಕಡೆ ಮನುಷ್ಯರೇ ಇರುವುದಿಲ್ಲ.

ವಾಪಸ್ ಬಂದು ಕೇಳಿದಾಗ ಶುರುವಾಯಿತು ನೋಡಿ ಚೆಂಡಾಟ. ಎಚ್‌ಆರ್ ಅಂದರು, ‘ರಜೆ ಕೊಟ್ಟದ್ದು ನಿಮ್ಮ ಮ್ಯಾನೇಜರ್, ಅವರು ನಮಗೆ ತಿಳಿಸಬೇಕಿತ್ತು.’ ಮ್ಯಾನೇಜರ್ ಅಂದರು, ‘ದಿನಾಂಕ ಬದಲಾಯಿಸಿದ್ದು ಎಚ್‌ಆರ್, ಅವರು ರಜೆ ಪಟ್ಟಿ ನೋಡಬೇಕಿತ್ತು.’ ಇಬ್ಬರ ಮಾತೂ ಸರಿ, ಅದೇ ದೊಡ್ಡ ತಲೆನೋವು. ರಜೆಯ ಲೆಕ್ಕ ಇರುವುದು ಒಂದು ಸಾಫ್ಟ್‌ವೇರ್‌ನಲ್ಲಿ, ಪ್ರಮೋಷನ್ ಲೆಕ್ಕ ಇನ್ನೊಂದರಲ್ಲಿ. ಎರಡಕ್ಕೂ ಮಾತುಕತೆ ಇಲ್ಲ. ನಿಮ್ಮ ರಜೆ ಮಂಜೂರಾಗಿದೆ ಅಂದರೆ ನೀವು ಕೆಲಸಕ್ಕೆ ಬರದಿದ್ದರೆ ಸಂಬಳ ಕತ್ತರಿಸುವುದಿಲ್ಲ ಎಂದಷ್ಟೇ ಅರ್ಥ. ಆ ದಿನಗಳಲ್ಲಿ ನಿಮಗೆ ಸಂಬಂಧಿಸಿದ ಬೇರೆ ಏನೂ ನಡೆಯದಂತೆ ನೋಡಿಕೊಳ್ಳುತ್ತೇವೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಆ ಸ್ಥಾನ ಇನ್ನೊಬ್ಬರಿಗೆ ಹೋಯಿತು. ಅವರು ಅದಕ್ಕೆ ಯೋಗ್ಯರೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಈ ಸುತ್ತು ಬರುವುದು ವರ್ಷಕ್ಕೊಮ್ಮೆ. ಒಂದು ವರ್ಷ ತಾನೇ ಎಂದು ಸಮಾಧಾನ ಹೇಳಿದವರು ಜಾಸ್ತಿ. ಅದು ಒಂದೇ ವರ್ಷಕ್ಕೆ ಮುಗಿಯುವ ನಷ್ಟ ಅಲ್ಲ. ಸುಮ್ನೆ ಒಂದು ಲೆಕ್ಕ ನೋಡಿ. 100 ಇದ್ದ ಮೂಲ ಸಂಬಳ ಪ್ರಮೋಷನ್‌ನಿಂದ 110 ಆಗುತ್ತದೆ ಅಂದುಕೊಳ್ಳಿ. ಮುಂದಿನ ವರ್ಷದ ಶೇಕಡಾ 5ರ ಏರಿಕೆ 110ರ ಮೇಲೆ ಬಿದ್ದರೆ 115.5, ಅದೇ 100ರ ಮೇಲೆ ಬಿದ್ದರೆ 105. ಬೋನಸ್ಸು ಮೂಲ ಸಂಬಳದ ಇಂತಿಷ್ಟು ಭಾಗ ಎಂದಿದ್ದರೆ ಅಲ್ಲೂ ಅದೇ ಕಥೆ. ಮೇಲಿನ ದರ್ಜೆಗೆ ಹೋಗಲು ಈ ದರ್ಜೆಯಲ್ಲಿ ಇಷ್ಟು ವರ್ಷ ಇರಬೇಕು ಎಂಬ ನಿಯಮವಿದ್ದರೆ, ಅದರ ಮುಂದಿನ ಪ್ರಮೋಷನ್ ಕೂಡ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ.

‘ಹಾಗಾದರೆ ಪ್ರಮೋಷನ್ ಇರುವ ವರ್ಷ ರಜೆಯನ್ನೇ ತೆಗೆದುಕೊಳ್ಳಬಾರದು’ ಎಂದು ಒಬ್ಬ ಸಹೋದ್ಯೋಗಿ ಬುದ್ಧಿ ಹೇಳಿದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ವಾರ್ಷಿಕ ರಜೆ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನವಲ್ಲ, ದುಡಿದು ಗಳಿಸಿದ್ದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದರ ಬಗ್ಗೆ 1936ರಲ್ಲೇ ಒಂದು ಒಪ್ಪಂದ ಮಾಡಿತ್ತು. ಆಗ ವರ್ಷಕ್ಕೆ ಕನಿಷ್ಠ 6 ಕೆಲಸದ ದಿನ. 1970ರ ಒಪ್ಪಂದದಲ್ಲಿ ಅದು 3 ವಾರಕ್ಕೆ ಏರಿತು. ಕನಿಷ್ಠ ರಜೆಯ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ನೌಕರ ಬರೆದುಕೊಟ್ಟರೂ ಅದು ನಿಲ್ಲಬಾರದು ಎಂಬ ಅರ್ಥದ ಮಾತೂ ಅದರಲ್ಲಿದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಕಾನೂನು ಒಂದೊಂದು ಕಡೆ ಒಂದೊಂದು ಥರ. ಆದರೆ ರಜೆ ಯಾವಾಗ ಎಂಬುದರಲ್ಲಿ ಕಂಪನಿಯ ಮಾತಿಗೂ ತೂಕವಿದೆ ಎಂಬುದನ್ನು ಮರೆಯಬೇಡಿ. ಅದೇ 1970ರ ಒಪ್ಪಂದವೂ ನೌಕರರನ್ನು ಕೇಳಿ ಮಾಲೀಕರು ದಿನಾಂಕ ಗೊತ್ತುಮಾಡಬಹುದು ಎನ್ನುತ್ತದೆ, ಕೆಲಸದ ಅಗತ್ಯವನ್ನೂ ನೋಡಬೇಕು ಎನ್ನುತ್ತದೆ. ಅದಕ್ಕೇ ‘ನನ್ನ ಹಕ್ಕು, ನಾನು ಹೊರಟೆ’ ಅಂದರೆ ನಡೆಯುವುದಿಲ್ಲ. ಹೊರಡುವ ಮುಂಚೆ ಕಾಗದದ ಮೇಲೆ ಎಲ್ಲವನ್ನೂ ಕಟ್ಟಿಹಾಕಬೇಕು.

ಏನು ಮಾಡಬೇಕು ಅಂದರೆ, ಪ್ಯಾನೆಲ್ ಯಾವತ್ತು ಎಂದು ಕೇಳಿ ಸುಮ್ಮನಾಗಬೇಡಿ. ಆ ದಿನಾಂಕ ಬದಲಾಗಬಹುದಾ, ಬದಲಾದರೆ ನನಗೆ ತಿಳಿಸುವವರು ಯಾರು, ಎಷ್ಟು ದಿನ ಮುಂಚೆ ಎಂದು ಕೇಳಿ. ನನಗೆ ಗೊತ್ತಿರುವ ಮಟ್ಟಿಗೆ ಎರಡನೇ ಪ್ರಶ್ನೆಗೇ ಎಲ್ಲರೂ ತಡವರಿಸುತ್ತಾರೆ. ತಡವರಿಸಿದರೆ ಅಲ್ಲೇ ಹಿಡಿದುಕೊಳ್ಳಿ, ಒಬ್ಬರ ಹೆಸರು ಹೇಳಿಸಿಕೊಳ್ಳಿ.

ಆಮೇಲೆ ಒಂದೇ ಮೇಲ್ ಬರೆಯಿರಿ, ಅದು ಮ್ಯಾನೇಜರ್‌ಗೂ ಹೋಗಲಿ, ಪ್ಯಾನೆಲ್ ಏರ್ಪಡಿಸುವವರಿಗೂ ಹೋಗಲಿ. ಬೇರೆ ಬೇರೆ ಬರೆದರೆ ಮತ್ತೆ ಅದೇ ಚೆಂಡಾಟ. ಜಾಸ್ತಿ ಉದ್ದ ಬೇಡ, ಇಷ್ಟು ಸಾಕು: ‘ಇಂಥ ದಿನದಿಂದ ಇಂಥ ದಿನದವರೆಗೆ ಮಂಜೂರಾದ ರಜೆಯಲ್ಲಿರುತ್ತೇನೆ. ಈ ಅವಧಿಯಲ್ಲಿ ಪ್ಯಾನೆಲ್ ಬಂದರೆ ವಿಡಿಯೊ ಕರೆಯಲ್ಲಿ ಹಾಜರಾಗಲು ಅಥವಾ ಬೇರೆ ದಿನಕ್ಕೆ ಬರಲು ಸಿದ್ಧ. ಈ ನಂಬರಿಗೆ ಕರೆ ಮಾಡಿ. ಕ್ಯಾಲೆಂಡರ್‌ನಿಂದ ತಾನಾಗಿ ಬರುವ ಉತ್ತರವನ್ನು ನನ್ನ ಉತ್ತರ ಎಂದು ತಿಳಿಯಬೇಡಿ.’ ಕೊನೆಯ ಸಾಲು ವಿಚಿತ್ರ ಅನ್ನಿಸಬಹುದು. ಇರಲಿ, ಹಾಕಿ. ‘ಸರಿ’ ಎಂಬ ಒಂದು ಪದವಾದರೂ ಉತ್ತರವಾಗಿ ಬರುವವರೆಗೆ ಬೆನ್ನು ಬಿಡಬೇಡಿ. ಕಾರಿಡಾರಿನಲ್ಲಿ ಸಿಕ್ಕಾಗ ‘ಆಯ್ತು, ನೋಡ್ಕೊಳ್ತೀವಿ’ ಅಂದದ್ದು ಲೆಕ್ಕಕ್ಕಿಲ್ಲ.

ಕ್ಯಾಲೆಂಡರ್‌ನಲ್ಲಿ ಔಟ್ ಆಫ್ ಆಫೀಸ್ ಹಾಕಿ, ಆದರೆ ಡಿಕ್ಲೈನ್ ಮಾಡುವ ಆಯ್ಕೆಯನ್ನು ತೆಗೆದುಬಿಡಿ. ಆಗ ಆಹ್ವಾನಗಳು ಉತ್ತರವಿಲ್ಲದೆ ಹಾಗೇ ನಿಲ್ಲುತ್ತವೆ. ಉತ್ತರ ಬರದಿದ್ದರೆ ಯಾರಾದರೂ ಒಂದು ಫೋನ್ ಮಾಡುವ ಸಾಧ್ಯತೆಯಾದರೂ ಇರುತ್ತದೆ, ಬೇಡ ಅಂದವರಿಗೆ ಯಾರು ಫೋನ್ ಮಾಡುತ್ತಾರೆ? ಟೀಮಿನಲ್ಲಿ ನಂಬಿಕಸ್ತರು ಒಬ್ಬರಿದ್ದರೆ, ಪ್ರಮೋಷನ್ ಬಗ್ಗೆ ಯಾವ ಸುದ್ದಿ ಬಂದರೂ ಒಂದು ಮೆಸೇಜ್ ಹಾಕಿ ಎಂದು ಹೇಳಿಟ್ಟು ಹೋಗಿ. ನನಗೆ ಗೊತ್ತಿಲ್ಲದ ಸುದ್ದಿ ನನ್ನ ಪಕ್ಕದ ಸೀಟಿನವರಿಗೆಲ್ಲ ಗೊತ್ತಿತ್ತು. ರಜೆಯಲ್ಲಿರುವವರಿಗೆ ತೊಂದರೆ ಕೊಡಬಾರದು ಎಂಬ ಸೌಜನ್ಯದಿಂದ ಯಾರೂ ಹೇಳಲಿಲ್ಲವಂತೆ. ಎಂಥಾ ಸೌಜನ್ಯ!

ಈಗಾಗಲೇ ನಿಮಗೆ ಹೀಗೆ ಆಗಿಹೋಗಿದ್ದರೆ, ಮೊದಲು ಜಗಳಕ್ಕೆ ಹೋಗಬೇಡಿ. ಫೈಲಿನಲ್ಲಿ ನಿಮ್ಮ ಹೆಸರಿನ ಎದುರು ಏನೆಂದು ಬರೆದಿದೆ, ಅದನ್ನು ಬರಹದಲ್ಲಿ ಕೇಳಿ. ಸ್ಥಾನ ವಾಪಸ್ ಸಿಗುವುದು ಕಷ್ಟ, ಆದರೆ ದಾಖಲೆ ತಿದ್ದಿಸುವುದು ಸಾಧ್ಯ. ನಾನು ತಿದ್ದಿಸಿದೆ. ಮುಂದಿನ ಸಲ ಕೂರುವ ಪ್ಯಾನೆಲ್‌ನವರು ಹಳೆಯ ಫೈಲನ್ನೇ ತೆರೆಯುತ್ತಾರೆ. ಕಳೆದ ಸಲ ಬೇಡ ಅಂದವರು ಇವರು ಎಂಬ ಭಾವನೆ ಅವರಿಗೆ ಬರಬಾರದು ನೋಡಿ. ಮನವಿಯ ಜೊತೆ ರಜೆ ಮಂಜೂರಾದ ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಮೊದಲು ಹೇಳಿದ್ದ ಪ್ಯಾನೆಲ್ ದಿನಾಂಕದ ಮೇಲ್, ಬದಲಾದ ದಿನಾಂಕದ ಆಹ್ವಾನ, ಈ ಮೂರನ್ನೂ ಸೇರಿಸಿ. ರಜೆ ಮೊದಲು ಮಂಜೂರಾಗಿ, ದಿನಾಂಕ ಆಮೇಲೆ ಬದಲಾಗಿದೆ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಮನವಿ ಸಲ್ಲಿಸಲು ಗಡುವು ಇದೆಯಾ ಎಂದು ಕಂಪನಿಯ ನಿಯಮಾವಳಿಯಲ್ಲಿ ಅವತ್ತೇ ಹುಡುಕಿ. ಫಲಿತಾಂಶ ಪ್ರಕಟವಾದ ದಿನದಿಂದಲೇ ಗಡುವು ಎಣಿಸುವ ಕಡೆ, ನೀವು ರಜೆಯಲ್ಲಿದ್ದ ದಿನಗಳೂ ಅದರಲ್ಲೇ ಕಳೆದುಹೋಗಿರುತ್ತವೆ.