ಗ್ರೀನ್ ಬೆಲ್ಟ್ ತಗೊಂಡು ಮೂರು ವರ್ಷ: ಕೊನೆಯ ದಿನದ ಮಧ್ಯಾಹ್ನದ ಬಗ್ಗೆ ನನ್ನ ತಕರಾರು

ಕೆಲಸದಲ್ಲಿ ಆಗುವ ತಪ್ಪುಗಳನ್ನು ಅಳೆದು ಕಡಿಮೆ ಮಾಡುವ ಸಿಕ್ಸ್ ಸಿಗ್ಮಾ ಪದ್ಧತಿಯ ಗ್ರೀನ್ ಬೆಲ್ಟ್ ಕೋರ್ಸಿನಲ್ಲಿ ಏನೇನು ಪಾಠ, ಎಷ್ಟು ದಿನ ಅನ್ನೋದು ಯಾವ ಸಂಸ್ಥೆಯ ಬ್ರೋಷರ್ ತೆಗೆದರೂ ಸಿಗುತ್ತದೆ. ಅದು ಇಲ್ಲಿ ಬೇಡ. ಕ್ಲಾಸು ಮುಗಿದು ಮೂರು ವರ್ಷವಾಯಿತು. ಈಗ ನನ್ನ ಕೈಯಲ್ಲಿ ಏನು ಉಳಿದಿದೆ ಅನ್ನೋದನ್ನಷ್ಟೇ ಬರೆಯುತ್ತೇನೆ.

ನಾನು ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಪೇಯಬಲ್‌ನಲ್ಲಿದ್ದೇನೆ. ಸಪ್ಲೈಯರ್‌ಗಳ ಬಿಲ್ ಬರುತ್ತದೆ, ನೋಡುತ್ತೇವೆ, ಎಂಟ್ರಿ ಹಾಕಿ ಪೇಮೆಂಟ್‌ಗೆ ಕಳಿಸುತ್ತೇವೆ. ಮೆಷಿನ್ನೂ ಇಲ್ಲ, ನಟ್ಟು ಬೋಲ್ಟೂ ಇಲ್ಲ. ಫ್ಯಾಕ್ಟರಿಯವರ ವಿದ್ಯೆ ನಮಗೇಕೆ ಅಂದುಕೊಂಡೇ ಸೇರಿದ್ದೆ. ಫೀಸು 28,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 33,040 ರೂಪಾಯಿ. ಆಫೀಸಿನವರು ಕೊಡಲಿಲ್ಲ. ನನ್ನ ಮನೆಯ ಎರಡು ತಿಂಗಳ ಬಾಡಿಗೆ ಅದು.

ಮೊದಲು ಖುಷಿ ಕೊಟ್ಟಿದ್ದನ್ನೇ ಹೇಳಿಬಿಡುತ್ತೇನೆ. ಡಿಮೇಕ್ ಅಂತ ಐದು ಹಂತ ಕಲಿಸುತ್ತಾರೆ: ಡಿಫೈನ್, ಮೆಷರ್, ಅನಲೈಸ್, ಇಂಪ್ರೂವ್, ಕಂಟ್ರೋಲ್. ಎರಡನೆಯದು, ಅಂದರೆ ಅಳೆಯುವುದು, ನನ್ನ ಕಣ್ಣು ತೆರೆಸಿತು. ಬಿಲ್‌ಗಳು ಯಾಕೆ ವಾಪಸ್ ಹೋಗುತ್ತವೆ ಅಂತ ಕೇಳಿದರೆ ನಮ್ಮ ಸೆಕ್ಷನ್‌ನಲ್ಲಿ ಎಲ್ಲರದ್ದೂ ಒಂದೇ ಮಾತು: ಜಿಎಸ್‌ಟಿ ನಂಬರ್ ತಪ್ಪು ಹಾಕ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಕೋರ್ಸಿನ ಪ್ರಾಜೆಕ್ಟ್‌ಗೆ ಅಂತ ಒಂದು ವಾರ ಹಾಳೆ ಇಟ್ಟುಕೊಂಡು ಗೀಟು ಎಳೆದೆ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಬಂದಿದ್ದು 214 ಬಿಲ್, ವಾಪಸ್ ಹೋಗಿದ್ದು 61. ಅದರಲ್ಲಿ 38ಕ್ಕೆ ಪಿಒ (ಪರ್ಚೇಸ್ ಆರ್ಡರ್) ನಂಬರ್ರೇ ಇರಲಿಲ್ಲ. ಜಿಎಸ್‌ಟಿ ನಂಬರ್ ತಪ್ಪಿದ್ದು ಬರೀ 7! ವರ್ಷಗಟ್ಟಲೆ ತಪ್ಪು ಜನರನ್ನು ಬೈದುಕೊಂಡು ಬಂದಿದ್ದೆವು.

ಹತ್ತು ಲಕ್ಷ ಬಿಲ್‌ಗೆ ಲೆಕ್ಕ ಹಾಕಿದರೆ ವಾಪಸ್ ಹೋಗೋದು 2,85,000. ಕ್ಲಾಸಿನಲ್ಲಿ ಕೊಟ್ಟ ಟೇಬಲ್‌ನಲ್ಲಿ ನೋಡಿದರೆ ನಮ್ಮದು ಹೆಚ್ಚುಕಡಿಮೆ ಎರಡು ಸಿಗ್ಮಾ (ಸಿಗ್ಮಾ ಹೆಚ್ಚಿದಷ್ಟೂ ತಪ್ಪು ಕಡಿಮೆ). ಆರು ಸಿಗ್ಮಾ ಅಂದರೆ ಹತ್ತು ಲಕ್ಷಕ್ಕೆ 3.4 ತಪ್ಪು ಮಾತ್ರ. ಇಲ್ಲೊಂದು ತಮಾಷೆ ಇದೆ. ಅಂಕಿಅಂಶದ ಪುಸ್ತಕದ ಪ್ರಕಾರ 3.4 ಬರುವುದು ನಾಲ್ಕೂವರೆ ಸಿಗ್ಮಾಗೆ. ಯಾವ ಕೆಲಸವೂ ದಿನ ಕಳೆದಂತೆ ತನ್ನ ಜಾಗದಿಂದ ಜಾರುತ್ತದೆ ಅಂತ ಹೇಳಿ ಒಂದೂವರೆಯನ್ನು ಸೇರಿಸಿ ಓದುತ್ತಾರೆ. 1986ರಲ್ಲಿ ಮೊಟೊರೊಲಾದಲ್ಲಿ ಶುರುವಾದ ಪದ್ಧತಿ ಇದು. ಅಂದರೆ ಜಾರುವುದು ಗ್ಯಾರಂಟಿ ಅಂತ ಇದನ್ನು ಕಟ್ಟಿದವರಿಗೇ ಗೊತ್ತಿತ್ತು, ಅಲ್ವಾ?

ಹಾಗಿದ್ದ ಮೇಲೆ ಜಾರದಂತೆ ಹಿಡಿಯುವುದನ್ನು, ಅಂದರೆ ಕೊನೆಯ ಹಂತವಾದ ಕಂಟ್ರೋಲನ್ನು, ಎಷ್ಟು ಹೊತ್ತು ಕಲಿಸಬೇಕು ಹೇಳಿ. ನಮಗೆ ಕಲಿಸಿದ್ದು ನಲವತ್ತು ನಿಮಿಷ.

ಎರಡು ಶನಿವಾರ, ಎರಡು ಭಾನುವಾರದ ಕ್ಲಾಸು. ಪೇಪರ್ ರಾಕೆಟ್ ಹಾರಿಸುವ ಆಟಕ್ಕೆ ಅರ್ಧ ದಿನ. ಮಿನಿಟ್ಯಾಬ್ ಸಾಫ್ಟ್‌ವೇರ್‌ನಲ್ಲಿ ಬಣ್ಣಬಣ್ಣದ ಗ್ರಾಫ್‌ಗೆ ಒಂದು ದಿನ (ಉಚಿತ ಟ್ರಯಲ್ 30 ದಿನಕ್ಕೆ ಮುಗಿಯಿತು, ಆಮೇಲೆ ದುಡ್ಡು ಕೊಟ್ಟು ತಗೊಳ್ಳೋರು ಯಾರು?). ಕಂಟ್ರೋಲ್ ಬಂದಿದ್ದು ಕೊನೆಯ ಭಾನುವಾರ, ಬಿಸಿಬೇಳೆಬಾತ್ ಊಟ ಮುಗಿದ ಮೇಲೆ. ಒಂದು ಕಡೆ ಫೀಡ್‌ಬ್ಯಾಕ್ ಫಾರಂ ಹಂಚುತ್ತಿದ್ದರು, ಇನ್ನೊಂದು ಕಡೆ ಗ್ರೂಪ್ ಫೋಟೋಗೆ ಕುರ್ಚಿ ಜೋಡಿಸುತ್ತಿದ್ದರು. ಸ್ಲೈಡ್‌ಗಳು ಬಸ್ಸಿನ ಕಿಟಕಿಯಾಚೆಯ ಬೋರ್ಡ್‌ಗಳ ಹಾಗೆ ಓಡಿದವು.

ಪ್ರಾಜೆಕ್ಟ್ ಚೆನ್ನಾಗೇ ಆಯಿತು. ಬಿಲ್ ಸ್ಕ್ಯಾನ್ ಮಾಡುವ ಹುಡುಗ ಪಿಒ ನಂಬರ್ ಇಲ್ಲದಿದ್ದರೆ ಅವತ್ತೇ ಸಪ್ಲೈಯರ್‌ಗೆ ಫೋನ್ ಮಾಡಿ ಕೇಳುವುದು, ಅಷ್ಟೇ ಬದಲಾವಣೆ. ಎರಡು ತಿಂಗಳಲ್ಲಿ ವಾಪಸ್ ಹೋಗುವುದು 28 ಪರ್ಸೆಂಟ್‌ನಿಂದ 8ಕ್ಕೆ ಇಳಿಯಿತು. ಸರ್ಟಿಫಿಕೇಟ್ ಬಂತು. ಮೈಸೂರ್ ಪಾಕ್ ಹಂಚಿದೆ. ಕಂಟ್ರೋಲ್ ಪ್ಲಾನ್ ಅಂತ ನಾನು ಕೊಟ್ಟ ಎಕ್ಸೆಲ್ ಶೀಟ್‌ನಲ್ಲಿ ಒಂದೇ ಸಾಲು ಇತ್ತು: ‘ಟೀಮ್ ಲೀಡ್ ಗಮನಿಸುವರು’. ಸಂಸ್ಥೆಯವರು ಅದನ್ನು ಪಾಸ್ ಮಾಡಿದರು.

ಏಳು ತಿಂಗಳ ನಂತರ ಪೀಣ್ಯದ ಒಬ್ಬ ಸಣ್ಣ ಸಪ್ಲೈಯರ್ ಫೋನ್ ಮಾಡಿದರು. “ಮೇಡಂ, ಬಿಲ್ ಮತ್ತೆ ವಾಪಸ್ ಬಂದಿದೆ. ನಲವತ್ತು ದಿನ ಆಯ್ತು. ಹುಡುಗರಿಗೆ ಸಂಬಳ ಕೊಡ್ಬೇಕು.” ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ. ಈಗಂತೂ ತಡವಾಗಿ, ವರ್ಷ ಮುಗಿಯುವುದರೊಳಗೂ ಕೊಡದಿದ್ದರೆ ತೆರಿಗೆ ಲೆಕ್ಕದಲ್ಲಿ ಆ ವರ್ಷದ ಖರ್ಚು ಅಂತ ತೋರಿಸೋಕೂ ಆಗೋದಿಲ್ಲ. ನಾಚಿಕೆಯಾಯಿತು. ಮತ್ತೆ ಹಾಳೆ ತೆಗೆದು ಗೀಟು ಎಳೆದೆ. 23 ಪರ್ಸೆಂಟ್! ಸ್ಕ್ಯಾನಿಂಗ್ ಹುಡುಗ ಬೇರೆ ಕೆಲಸಕ್ಕೆ ಹೋಗಿದ್ದ, ಹೊಸಬನಿಗೆ ಫೋನ್ ಮಾಡುವ ವಿಷಯ ಯಾರೂ ಹೇಳಿರಲಿಲ್ಲ. ‘ಗಮನಿಸುವ’ ಟೀಮ್ ಲೀಡ್‌ಗೆ ಟ್ರಾನ್ಸ್‌ಫರ್ ಆಗಿತ್ತು.

ಆ ರಾತ್ರಿ ಸಿಟ್ಟಿನಲ್ಲಿ ಹಳೇ ಸ್ಲೈಡ್ ತೆಗೆದು ಕೂತೆ. ಓಡಿಸಿದ್ದ ಆ ನಲವತ್ತು ನಿಮಿಷದಲ್ಲೇ ಕಂಟ್ರೋಲ್ ಚಾರ್ಟ್ ಇತ್ತು. 1924ರಲ್ಲಿ ವಾಲ್ಟರ್ ಶೂಹಾರ್ಟ್ ಹಾಕಿಕೊಟ್ಟ ಚಿತ್ರ ಅದು. ನಡುವೆ ಸರಾಸರಿಯ ಗೆರೆ, ಮೇಲೊಂದು ಕೆಳಗೊಂದು ಮಿತಿಯ ಗೆರೆ, ದಿನಕ್ಕೊಂದು ಚುಕ್ಕಿ. ಹಾಕೋಕೆ ಸಾಫ್ಟ್‌ವೇರ್ ಬೇಕಿಲ್ಲ.

ಅವೆನ್ಯೂ ರೋಡಿನಿಂದ ಶಾಲೆ ಮಕ್ಕಳ ಗ್ರಾಫ್ ಪುಸ್ತಕ ತಂದೆ. ಅವತ್ತಿನಿಂದ ನನ್ನ ಬೆಳಗು ಹೀಗೆ: ಒಂಬತ್ತೂಕಾಲಿಗೆ ಕಾಫಿ ತಂದು ಮೇಜಿನ ಎಡಕ್ಕೆ ಇಡುತ್ತೇನೆ. ಹಿಂದಿನ ದಿನ ಬಂದ ಬಿಲ್ ಎಷ್ಟು, ವಾಪಸ್ ಎಷ್ಟು ಅಂತ ಭಾಗಿಸುತ್ತೇನೆ. ಪೆನ್ಸಿಲ್ ಚೂಪು ಮಾಡಿ ಚುಕ್ಕಿ ಇಟ್ಟು, ನಿನ್ನೆಯದಕ್ಕೆ ಸ್ಕೇಲಿನಿಂದ ಗೆರೆ ಎಳೆಯುತ್ತೇನೆ. ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮೊದಲೆಲ್ಲ ಒಂದು ದಿನ ಜಾಸ್ತಿಯಾದರೆ ಸುಮ್ನೆ ಗಾಬರಿಯಾಗಿ ಎಲ್ಲರಿಗೂ ಮೇಲ್ ಹಾಕುತ್ತಿದ್ದೆ. ಈಗ ಚುಕ್ಕಿ ಮಿತಿಯೊಳಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಮಿತಿ ದಾಟಿದರೆ, ಇಲ್ಲವೇ ಸತತ ಎಂಟು ಚುಕ್ಕಿ ನಡುಗೆರೆಗಿಂತ ಮೇಲೇ ಕೂತರೆ ಮಾತ್ರ ಎದ್ದು ಹೋಗಿ ವಿಚಾರಿಸುತ್ತೇನೆ. ಹೋದ ವರ್ಷ ಒಮ್ಮೆ ಹಾಗಾಯಿತು. ಒಂದು ಚುಕ್ಕಿಯೂ ಮೇಲಿನ ಮಿತಿ ದಾಟಿರಲಿಲ್ಲ, ಆದರೂ ಎಂಟೂ ಮೇಲೇ. ಹೋಗಿ ನೋಡಿದರೆ ಸ್ಕ್ಯಾನಿಂಗ್ ಮೇಜಿನ ಫೋನ್ ಲೈನ್ ಕೆಟ್ಟಿತ್ತು, ಪಾಪ ಹುಡುಗ ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ದುಡ್ಡು ದಂಡ ಅಂತ ಪೂರ್ತಿ ಹೇಳಲಾರೆ. ಗೀಟು ಮತ್ತು ಚುಕ್ಕಿ, ಇವೆರಡಕ್ಕೇ ನನಗೆ 33,040 ವಸೂಲಾಗಿದೆ. ಸರ್ಟಿಫಿಕೇಟ್ ಮಾತ್ರ ಫೈಲಿನಲ್ಲೇ ಇದೆ. ಈ ಬೆಲ್ಟ್ ಕೊಡೋಕೆ ಜಗತ್ತಿಗೆಲ್ಲ ಒಂದೇ ಅಂತ ಯಾವ ಮಂಡಳಿಯೂ ಇಲ್ಲ, ಯಾರು ಬೇಕಾದರೂ ಕೊಡಬಹುದು. ಸೇರುವ ಮುಂಚೆ ನನಗೆ ಇದು ಗೊತ್ತಿರಲಿಲ್ಲ. ಕೆಲಸ ಬದಲಾಯಿಸೋಕೆ ಬೇಕಿದ್ದರೆ ಅಮೆರಿಕದ ಗುಣಮಟ್ಟ ಸಂಘ ಎಎಸ್‌ಕ್ಯೂನ ಪರೀಕ್ಷೆ ನೋಡಿ. ಮೂರು ವರ್ಷದ ಅನುಭವ ಕೇಳುತ್ತಾರೆ, ಪುಸ್ತಕ ನೋಡಿಕೊಂಡು ಬರೆಯಬಹುದು. ಐಎಎಸ್‌ಎಸ್‌ಸಿ ಅನ್ನೋ ಇನ್ನೊಂದು ಸರ್ಟಿಫಿಕೇಟ್ ಸಂಸ್ಥೆಯವರು ಅನುಭವವನ್ನೂ ಪ್ರಾಜೆಕ್ಟನ್ನೂ ಕೇಳುವುದಿಲ್ಲ, ಆದರೆ ಪುಸ್ತಕ ತೆರೆಯುವಂತಿಲ್ಲ. ನಮ್ಮಂಥ ಸಂಸ್ಥೆಗೇ ಸೇರುವುದಾದರೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಕೊನೆಯ ದಿನ ಊಟ ಆದ ಮೇಲೆ ಏನು ಪಾಠ, ಎಷ್ಟು ಗಂಟೆ?

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೆ. ಹೋದ ವಾರ ಅವರದ್ದೊಂದು ಮೇಲ್ ಬಂತು: ನಿಮ್ಮ ಸರ್ಟಿಫಿಕೇಟ್‌ನ ಅವಧಿ ಮುಗಿದಿದೆ, 4,500 ಕಟ್ಟಿ ನವೀಕರಿಸಿಕೊಳ್ಳಿ. ಹಾಗಾಗಿ ಎರಡೂವರೆ. ಉತ್ತರ ಬರೆದಿಲ್ಲ. ಗ್ರಾಫ್ ಪುಸ್ತಕದಲ್ಲಿ ಆರೇ ಹಾಳೆ ಉಳಿದಿವೆ, ಶನಿವಾರ ಅವೆನ್ಯೂ ರೋಡಿಗೆ ಹೋಗಬೇಕು.